ಹೊಗಳಿಕೆಯ ನಡುವೆ ಇಟ್ಟ ಮಾತು

ಗ್ಲೆನ್ ಥೀಸನ್ ಒಳ್ಳೆಯ ಮನುಷ್ಯ. ಅವನನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಬೆಳಿಗ್ಗೆ ಬಂದರೆ ಎಲ್ಲರ ಮೇಜಿನ ಹತ್ತಿರ ನಿಂತು ಮಕ್ಕಳು ಮರಿ ವಿಚಾರಿಸಿಕೊಂಡೇ ತನ್ನ ಕೋಣೆಗೆ ಹೋಗುವವನು ಅವನು. ವಿನ್ನಿಪೆಗ್‌ನ ನಮ್ಮ ವಿಮಾ ಕಚೇರಿಯಲ್ಲಿ ನಮ್ಮ ವಿಭಾಗದ ಮ್ಯಾನೇಜರ್. ಮನೆಗೆ ನೀರು ನುಗ್ಗಿದವರು, ಆಲಿಕಲ್ಲಿಗೆ ಚಾವಣಿ ಹಾಳಾದವರು ಫೋನ್ ಮಾಡಿದರೆ ಎತ್ತುವವರು ನಾವು.

ಲೇಸ್ಯಾ ಹ್ರಿಂಚುಕ್ ನನ್ನ ಪಕ್ಕದ ಮೇಜಿನವಳು. ಡಾಫಿನ್ ಊರಿನ ಶಾಖೆ ಮುಚ್ಚಿದಾಗ ಅವಳನ್ನು ಇಲ್ಲಿಗೆ ಹಾಕಿದರು. ಐವತ್ತು ದಾಟಿದ ಒಂಟಿ ಹೆಂಗಸು. ಈ ಕೆಲಸ ಹೋದರೆ ಇನ್ನೊಂದು ಸಿಗುವುದು ಅಷ್ಟಕ್ಕಷ್ಟೆ ಎಂದು ಅವಳಿಗೂ ಗೊತ್ತಿತ್ತು. ದುಡಿಯುವುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೆಟ್ಟ ಚಾಳಿ ಇತ್ತು. ಫೋನಿನಲ್ಲಿ ಯಾರಾದರೂ ಅತ್ತರೆ ಸಾಕು, ಕರಗಿಬಿಡುತ್ತಿದ್ದಳು. "ಅಯ್ಯೋ, ಅಳ್ಬೇಡಿ. ಕಂಪನಿ ಎಲ್ಲಾ ಕೊಡುತ್ತೆ, ನೀವು ನಿಶ್ಚಿಂತೆಯಾಗಿರಿ" ಎನ್ನುತ್ತಿದ್ದಳು. ನಮ್ಮವರು ಹೋಗಿ ನೋಡಿ, ಪಾಲಿಸಿ ಓದಿ ತೀರ್ಮಾನಿಸುವವರೆಗೆ ಆ ಮಾತು ನಮ್ಮ ಬಾಯಲ್ಲಿ ಬರಲೇಬಾರದು.

ವಸಂತ ಶುರುವಾಗುವ ಹೊತ್ತಿಗೆ ಟೊರಾಂಟೊದ ಮುಖ್ಯ ಕಚೇರಿಯಿಂದ ಗ್ಲೆನ್‌ಗೆ ಆಜ್ಞೆ ಬಂತು. ಮೂರು ತಿಂಗಳಲ್ಲಿ ಇವಳನ್ನು ತಿದ್ದು, ಇಲ್ಲವೇ ಮನೆಗೆ ಕಳಿಸು. ಹೊಸಬರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದ್ದರಿಂದ ಗ್ಲೆನ್ ಇದನ್ನು ನನಗೆ ಹೇಳಿದ. "ನಾನೇ ಅವರ ಹತ್ರ ಮಾತಾಡ್ತೀನಿ, ರಾಬರ್ಟಾ" ಎಂದ. ಮ್ಯಾನೇಜರುಗಳಿಗೆ ಕಂಪನಿ ಒಂದು ತರಬೇತಿ ಕೊಟ್ಟಿತ್ತು. ಕೆಲಸಗಾರರ ತಪ್ಪು ಹೇಳಬೇಕಾದರೆ ಮೊದಲು ಹೊಗಳಬೇಕು, ನಡುವೆ ತಪ್ಪು ಇಡಬೇಕು, ಕೊನೆಗೆ ಮತ್ತೆ ಹೊಗಳಿ ಕಳಿಸಬೇಕು. ಗ್ಲೆನ್‌ಗೆ ಆ ಪಾಠ ಚೆನ್ನಾಗಿ ಹಿಡಿಸಿತ್ತು.

ಲೇಸ್ಯಾ ಅವನ ಕೋಣೆಯಿಂದ ಹೊರಗೆ ಬಂದಾಗ ಮುಖ ಅರಳಿತ್ತು.

"ಏನಂದ್ರು?" ಎಂದೆ.

"ನನ್ನಂಥೋಳು ಸಿಕ್ಕಿದ್ದು ಈ ವಿಭಾಗದ ಅದೃಷ್ಟ ಅಂದ್ರು ಕಣೇ! ಜನ ನನ್ನ ಹೆಸರು ಹೇಳಿ ಕೇಳ್ತಾರಂತೆ. ಇವತ್ತೇ ನಮ್ಮಕ್ಕಂಗೆ ಫೋನ್ ಮಾಡಿ ಹೇಳ್ಬೇಕು."

"ಮತ್ತೇನೂ ಹೇಳ್ಲಿಲ್ವಾ?"

"ಮಾತು ಕೊಡೋವಾಗ ಸ್ವಲ್ಪ ನೋಡ್ಕೊಳ್ಳಿ ಅಂದ್ರು. ಅದೆಲ್ಲ ಎಲ್ಲರಿಗೂ ಹೇಳೋದು ತಾನೆ?"

ನಾನು ನೆಟ್ಟಗೆ ಗ್ಲೆನ್ ಕೋಣೆಗೆ ನುಗ್ಗಿದೆ. "ಏನ್ರೀ ಗ್ಲೆನ್, ಅವಳು ಹೊರಗಡೆ ಕುಣೀತಿದಾಳೆ! ಕೆಲಸ ಹೋಗುತ್ತೆ ಅಂತ ಹೇಳಿದ್ರಾ ಇಲ್ವಾ?"

"ಹೇಳ್ದೆ ರಾಬರ್ಟಾ. ಸೂಕ್ಷ್ಮವಾಗಿ ಹೇಳ್ದೆ."

"ನಿಮ್ಮ ಸೂಕ್ಷ್ಮಕ್ಕೆ ಬೆಂಕಿ ಹಾಕ! ಕರೆದು ಬಾಯಿಬಿಟ್ಟು ಹೇಳಿ."

"ಪಾಪ, ಅವರ ಮನಸ್ಸಿಗೆ ನೋವಾಗಲ್ವಾ?" ಎಂದ. ಅವನ ಕಣ್ಣಲ್ಲೇ ನೀರಿತ್ತು. ಇಂಥವನಿಗೆ ಏನು ಹೇಳುವುದು?

ಕೊನೆಗೆ ನಾನೇ ಲೇಸ್ಯಾಳನ್ನು ಕಾಫಿಗೆ ಕರೆದೊಯ್ದು, ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆ. ಅವಳು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಿಂಗೆ ಹೊಟ್ಟೆಕಿಚ್ಚು ಕಣೇ. ಇಷ್ಟು ವರ್ಷದಲ್ಲಿ ಆ ಮನುಷ್ಯ ನಿನ್ನ ಒಂದು ಸಲ ಹೊಗಳಿದಾನಾ?"

ಹೊಗಳಿರಲಿಲ್ಲ, ಅದೂ ನಿಜವೇ. ಆಮೇಲೆ ಸ್ವಲ್ಪ ದಿನ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಗ್ಲೆನ್ ಇನ್ನೊಂದು ಸಲ ಅವಳನ್ನು ಕರೆಸಿದ. ಅವಳು ಮನೆಯಲ್ಲಿ ಮಾಡಿದ ಗಸಗಸೆ ಹೂರಣದ ಬ್ರೆಡ್ ತಟ್ಟೆ ತುಂಬ ಹಿಡಿದುಕೊಂಡೇ ಒಳಗೆ ಹೋದಳು. "ನೀವು ಆವತ್ತು ಅಂದ ಮಾತು ನಂಗೆ ಎಷ್ಟು ಧೈರ್ಯ ಕೊಡ್ತು ಗೊತ್ತಾ?" ಎಂದಿದ್ದು ಹೊರಗಿನವರೆಗೂ ಕೇಳಿಸಿತು. ಅಷ್ಟು ಕೇಳಿದ ಮೇಲೆ ಆ ಪುಣ್ಯಾತ್ಮನ ಬಾಯಿ ಏಳಬೇಕಲ್ಲ! ಮತ್ತೆ ಹೊಗಳಿದ, ನಡುವಿನ ಮಾತನ್ನು ಇನ್ನಷ್ಟು ಸಣ್ಣದು ಮಾಡಿದ, ಬ್ರೆಡ್ ತಿಂದು ಕಳಿಸಿದ. ಎಚ್ಚರಿಕೆ ಕೊಟ್ಟಾಯಿತು ಎಂದು ಟೊರಾಂಟೊಗೆ ವರದಿ ಮಾಡಿದ.

ಹಿಮ ಕರಗಿತು. ಚರಂಡಿಗಳು ಉಕ್ಕಿ ಜನರ ನೆಲಮಾಳಿಗೆಗೆ ನುಗ್ಗಿದವು. ಒಬ್ಬ ಮುದುಕ ಫೋನ್ ಮಾಡಿ ಗೊಳೋ ಎಂದು ಅತ್ತ. ತೀರಿಹೋದ ಹೆಂಡತಿಯ ಹೊಲಿಗೆ ಕೋಣೆ ಅಲ್ಲೇ ಇತ್ತಂತೆ. ಲೇಸ್ಯಾ ಎಂದಿನಂತೆ ಹೇಳಿದಳು, "ಕಂಪನಿ ಎಲ್ಲಾ ಕೊಡುತ್ತೆ." ಅವನು ಅದನ್ನೇ ನಂಬಿ ಆಳುಗಳನ್ನು ಹಿಡಿದು ನೆಲಮಾಳಿಗೆಯನ್ನು ಕಿತ್ತು ಹೊಸದಾಗಿ ಕಟ್ಟಿಸಿದ. ಚರಂಡಿ ನೀರಿನ ಹಾನಿಗೆ ಅವನ ಪಾಲಿಸಿಯಲ್ಲಿ ಪರಿಹಾರವೇ ಇರಲಿಲ್ಲ. ಅವನ ಮಗಳು ವಕೀಲನನ್ನು ಕರೆದುಕೊಂಡು ಬಂದಳು.

ಟೊರಾಂಟೊದವರು ಲೇಸ್ಯಾಳನ್ನು ವಿಚಾರಣೆಗೆ ಕರೆದರು. ಅಂಥ ಸಭೆಗೆ ಕೆಲಸಗಾರರು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಲೇಸ್ಯಾ ನನ್ನ ಮೇಜಿನ ಹತ್ತಿರ ಬಂದು, "ನೀನೇ ಬಾರೇ" ಎಂದಳು. ಎದ್ದು ಹೋದೆ.

ಪರದೆಯ ಮೇಲೆ ಟೊರಾಂಟೊದ ಹೆಂಗಸು ಕಾಣಿಸಿಕೊಂಡಳು. "ನಿಮಗೆ ಎರಡು ಸಲ ಎಚ್ಚರಿಕೆ ಕೊಟ್ಟಿದೆ" ಎಂದಳು.

"ಎಚ್ಚರಿಕೆನಾ? ಯಾವತ್ತು?" ಲೇಸ್ಯಾ ಗ್ಲೆನ್ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ. ನೋಡುನೋಡುತ್ತಲೇ ಅವಳಿಗೆ ಅರ್ಥವಾಯಿತು. "ಓ... ನನ್ನ ಹೊಗಳಿದ್ರಲ್ಲ, ಆವತ್ತಾ?"

ಪರದೆಯವಳು ಅವಳನ್ನು ಕೆಲಸದಿಂದ ತೆಗೆದಿದೆ ಎಂದು ಹೇಳಿ ಮಾಯವಾದಳು. ಗ್ಲೆನ್ ಗಂಟಲು ಸರಿಮಾಡಿಕೊಂಡು, "ಲೇಸ್ಯಾ, ನಿಮ್ಮಂಥ ಒಳ್ಳೆ ಮನಸ್ಸಿನವರು..." ಎಂದು ಶುರುಮಾಡಿದ.

"ಸಾಕು ನಿಲ್ಸಿ!" ಎಂದಳು. ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆವತ್ತೇ ಮುಖಕ್ಕೆ ಹೊಡೆದ ಹಾಗೆ ಬೈದಿದ್ರೆ ಮನೆಗೋಗಿ ಅತ್ತು, ಮಾರನೇ ದಿನ ಬಾಯಿಗೆ ಬೀಗ ಹಾಕ್ಕೊಂಡು ಬರ್ತಿದ್ದೆ. ಆ ಮುದುಕಪ್ಪನ ದುಡ್ಡೂ ಉಳೀತಿತ್ತು."

"ಹೌದು. ತಪ್ಪಾಯ್ತು" ಎಂದ ಗ್ಲೆನ್. ಅಷ್ಟು ನೇರವಾಗಿ ಅವನು ಮಾತಾಡಿದ್ದನ್ನೂ ನಾನು ಕೇಳಿರಲಿಲ್ಲ. ಇದೇ ಬಾಯಿ ಎರಡು ತಿಂಗಳ ಹಿಂದೆ ಎಲ್ಲಿಗೆ ಹೋಗಿತ್ತೋ!

ಲೇಸ್ಯಾ ಕೋಟು ತೊಟ್ಟಳು, ಕೈಚೀಲ ತೆಗೆದುಕೊಂಡಳು. ಬಾಗಿಲವರೆಗೆ ಹೋದವಳು ನಿಂತಳು.

"ಒಂದು ಕೇಳ್ತೀನಿ. ನಾನು ಸಿಕ್ಕಿದ್ದು ಅದೃಷ್ಟ ಅಂದ್ರಲ್ಲ. ಅದು ನಿಜಾನಾ, ಇಲ್ಲ ಅದೂ ಬರೀ ನನ್ನ ತಪ್ಪನ್ನ ಸುತ್ತಿ ಕೊಡೋಕೆ ಹೇಳಿದ್ದಾ?"

"ನಿಜ ಲೇಸ್ಯಾ. ದೇವರಾಣೆಗೂ ನಿಜ."

ಅವಳು ಅವನ ಕಡೆ ತಿರುಗಿದಳು. ನಂಬಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತು ಎಂಬುದು ಆ ಮುಖದಲ್ಲಿ ಕಾಣುತ್ತಿತ್ತು.

"ಈಗ ಹೆಂಗೆ ನಂಬ್ಲಿ?" ಎಂದು ಮೆಲ್ಲಗೆ ಹೇಳಿ, ಬಾಗಿಲು ತೆಗೆದು ಹೊರಟುಹೋದಳು.