ತೊಂಬತ್ತೇಳು ರಾತ್ರಿ

ಉಜ್ಜಿದಷ್ಟೂ ಕಲೆ ಅಗಲವಾಗುತ್ತಿತ್ತು. ಅಂಗೈಯಷ್ಟಿದ್ದದ್ದು ಊಟದ ತಟ್ಟೆಯಷ್ಟಾಗಿತ್ತು, ಬಣ್ಣ ಮಾತ್ರ ಸ್ವಲ್ಪ ತೆಳುವಾಗಿತ್ತು. ಮಗಳು ಮೊಣಕಾಲೂರಿ ಕೂತು ಹಾಸಿಗೆಯ ಮೇಲೆ ಇನ್ನಷ್ಟು ವಿನೆಗರ್ ಚಿಮುಕಿಸಿ, ಅದರ ಮೇಲೆ ಸೋಡಾಪುಡಿ ಉದುರಿಸಿದಳು. ಪುಡಿ ಸುಂಯ್ಯೆಂದು ನೊರೆ ಬಿಟ್ಟಿತು. ಮೊದಲು ಹುಳಿ ವಾಸನೆ, ಅದರಡಿಯಲ್ಲಿ ಮೂತ್ರದ್ದು, ಅದರಡಿಯಲ್ಲಿ ಅಮ್ಮ ಸೊಂಟಕ್ಕೆ ಹಚ್ಚಿಕೊಳ್ಳುತ್ತಿದ್ದ ಮುಲಾಮಿನದು. ಮುಖ ಆಚೆ ತಿರುಗಿಸಿದಳು.

"ಒಣಗುತ್ತಾ?" ಎಂದ ಬಾಗಿಲಲ್ಲಿ ನಿಂತ ಅಣ್ಣ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಕೋಣೆಯೊಳಗೆ ಕಾಲಿಡಲಿಲ್ಲ.

"ಗೊತ್ತಿಲ್ಲ."

"ನಿನ್ನ ಅತ್ತಿಗೆ ಹೇರ್ ಡ್ರೈಯರ್ ಕೊಡ್ತಾಳೆ, ತಗೋ. ಅವರು ನಾಲ್ಕಕ್ಕೆ ಬರ್ತಾರೆ."

ನಾಲ್ಕಕ್ಕೆ ಬರುವವರು ಹಾಸಿಗೆ ಕಂಪನಿಯವರು. ಹೆಣ ಒಯ್ಯುವ ವ್ಯಾನು ಬರುವುದು ಎರಡಕ್ಕೆ. ಹಾಗೆ ನೋಡಿದರೆ ಅಣ್ಣ ಎಲ್ಲವನ್ನೂ ಅಚ್ಚುಕಟ್ಟಾಗಿಯೇ ಹೊಂದಿಸಿದ್ದ. ಕಂಪನಿಯವರು ಹಾಸಿಗೆ ಮಾರುವಾಗ ನೂರು ರಾತ್ರಿಯ ಅವಕಾಶ ಕೊಟ್ಟಿದ್ದರು. ಅಷ್ಟರೊಳಗೆ ಒಗ್ಗದಿದ್ದರೆ ಹಾಸಿಗೆ ವಾಪಸ್, ಹಣ ವಾಪಸ್. ಹಾಸಿಗೆ ಮೇಲೆ ಕಲೆ ಇರಬಾರದು, ವಾಪಸ್ ಕೊಡುವ ಕಾಗದಕ್ಕೆ ಕೊಂಡವರೇ ಸಹಿ ಹಾಕಬೇಕು, ಇಷ್ಟೇ ಷರತ್ತು. ಅಮ್ಮ ತೊಂಬತ್ತೇಳನೆಯ ರಾತ್ರಿ ಮಲಗಿದವಳು ಬೆಳಗ್ಗೆ ಏಳಲಿಲ್ಲ. ಅದು ನಿನ್ನೆ. ನಾಳೆ ಕಂಪನಿಗೆ ರಜೆ. ವೈದ್ಯರು ಬಂದು ಕಾಗದ ಬರೆದುಕೊಟ್ಟು ಮೆಟ್ಟಿಲಿಳಿಯುವ ಮೊದಲೇ ಅಣ್ಣ ಫೋನಿನಲ್ಲಿ ಅರ್ಜಿ ತುಂಬಿದ್ದ. ಕಾರಣ ಎಂಬಲ್ಲಿ "ನಿದ್ದೆ ಬರುವುದಿಲ್ಲ" ಎಂಬುದಕ್ಕೆ ಗುರುತು ಹಾಕಿದ್ದ.

ಸತ್ತವರ ಹಾಸಿಗೆ ಮೇಲೆ ಇನ್ಯಾರು ಮಲಗುತ್ತಾರೆ, ಸುಮ್ಮನೆ ಹಾಳಾಗುವ ಬದಲು, ಎಂದು ನಿನ್ನೆಯಿಂದ ನಾಲ್ಕು ಸಲ ಹೇಳಿದ್ದ. ಹಾಗಾದರೆ ಅದರ ಮೇಲೆ ವಿಷಯ ಗೊತ್ತಿಲ್ಲದ ಯಾರೋ ಮಲಗಲಿ ಅಂತಲಾ, ಎಂದು ಕೇಳಬೇಕೆನಿಸಿದರೂ ಅವಳು ಕೇಳಲಿಲ್ಲ. ಬಟ್ಟೆ ಕೊಡು ಎಂದಳು. ತನ್ನ ಬಾಯಿಂದ ಬಂದದ್ದು ಅಷ್ಟೇ ಎಂಬುದು ಅವಳಿಗೆ ವಿನೆಗರಿಗಿಂತ ಹೆಚ್ಚು ಹೇಸಿಗೆ ತರಿಸುತ್ತಿತ್ತು.

ಗೋಡೆಯಲ್ಲಿ ಅಮ್ಮನ ಕ್ಯಾಲೆಂಡರು ಇತ್ತು. ನಿದ್ದೆ ಬಂದ ರಾತ್ರಿಗೆ ಒಂದು ಗೀಟು, ಬಾರದ ರಾತ್ರಿಗೆ ಸೊನ್ನೆ. ಶುರುವಿನ ವಾರ ಐದು ಸೊನ್ನೆ, ಆಮೇಲೆ ಬರೀ ಗೀಟು. ಅಣ್ಣ ಬೆಳಗ್ಗೆಯೇ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ ನೇತುಹಾಕಿದ್ದ.

* * *

ಅಮ್ಮ ಮೂವತ್ತೊಂದು ವರ್ಷ ಹೋಟೆಲೊಂದರ ಕೋಣೆಗಳನ್ನು ಸಜ್ಜು ಮಾಡುವ ಕೆಲಸದಲ್ಲಿದ್ದಳು. ದಿನಕ್ಕೆ ಹದಿನಾಲ್ಕು ಕೋಣೆ. ಹಾಸಿಗೆಯ ಮೂಲೆ ಎತ್ತು, ಚಾದರ ಎಳೆ, ಒಳಗೆ ಸಿಕ್ಕಿಸು, ಮುಂದಿನ ಮೂಲೆ. ಮೂರು ತಿಂಗಳಿಗೊಮ್ಮೆ ಅಷ್ಟೂ ಹಾಸಿಗೆಗಳನ್ನು ಮಗುಚಿ ಹಾಕಬೇಕಿತ್ತು. ಒಬ್ಬಳೇ ಮಗುಚುವ ಒಂದು ಪಟ್ಟು ಅವಳಿಗೆ ಗೊತ್ತಿತ್ತು. ಮೊಣಕಾಲಿನಿಂದ ಎತ್ತಿ, ಭುಜದಿಂದ ತಳ್ಳಿ, ಸೊಂಟದಲ್ಲಿ ತಡೆದು. ಕೊನೆಗೆ ಸೊಂಟವೇ ಹೋಯಿತು.

ಮನೆಯಲ್ಲಿ ಅವಳು ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ, ಮಡಿಸಿ ಇಡುವ ಹತ್ತಿ ಹಾಸಿಗೆಯ ಮೇಲೆ. ಅದರ ಹತ್ತಿಯೆಲ್ಲ ಎರಡು ತುದಿಗೆ ಸರಿದು ನಡುವೆ ಬಟ್ಟೆ ಮಾತ್ರ ಉಳಿದಿತ್ತು.

ಮಗಳಿಗೆ ಹನ್ನೊಂದು ವರ್ಷವಿದ್ದಾಗ ಒಂದು ರಜೆಯ ದಿನ ಅಮ್ಮನ ಜೊತೆ ಹೋಟೆಲಿಗೆ ಹೋಗಿದ್ದಳು. ಒಂದು ಕೋಣೆಯಲ್ಲಿ ಚಾದರ ಎಳೆದಾಗ ಕೆಳಗೆ ಇದ್ದದ್ದನ್ನು ನೋಡಿ ಅವಳಿಗೆ ವಾಂತಿ ಬಂದಿತ್ತು. ಅಮ್ಮ ಮುಖ ಕಿವುಚಲಿಲ್ಲ. ಬಾಲ್ದಿ ತಂದಳು, ತಣ್ಣೀರಿನ ಬಟ್ಟೆ ಒತ್ತಿದಳು, ಒರೆಸಿದಳು. ಸಂಜೆ ಬಸ್ಸಿನಲ್ಲಿ ಮಗಳು ಆ ಕೋಣೆಯವರು ಯಾರು, ಹೇಗಿದ್ದರು ಎಂದು ಪೀಡಿಸಿದಳು.

"ಅದೊಂದು ಕೇಳ್ಬೇಡ," ಎಂದಳು ಅಮ್ಮ. "ಬೆಳಗ್ಗೆ ಲಿಫ್ಟಲ್ಲಿ ಸಿಕ್ಕಾಗ ಅವರ ಮುಖ ನೋಡಿ ನಮಸ್ಕಾರ ಹೇಳ್ಬೇಕಲ್ಲ ನಾನು."

* * *

ಹೇರ್ ಡ್ರೈಯರಿನ ಸದ್ದು ಹೊರಕೋಣೆಗೂ ಕೇಳುತ್ತಿತ್ತು. ಅಲ್ಲಿ, ಕೆಳಗಿನ ದರ್ಜಿ ಅಂಗಡಿಯಿಂದ ತಂದ ಎರಡು ಬೆಂಚುಗಳನ್ನು ಕೂಡಿಸಿ ಅಮ್ಮನನ್ನು ಮಲಗಿಸಿದ್ದರು. ಬಂದವರು ಗೋಡೆಗುಂಟ ಕುರ್ಚಿಗಳಲ್ಲಿ ಕೂತು, ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತ, ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತ, ಒಳ್ಳೆಯ ಸಾವು, ನಿದ್ದೆಯಲ್ಲೇ ಹೋದರು ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಯಾರದೋ ಬಿಸ್ಕತ್ತಿನ ಪುಡಿ ಅಮ್ಮನ ಬಿಳಿ ಹೊದಿಕೆಯ ಅಂಚಿಗೆ ಬಿದ್ದಿತ್ತು. ಒಳಗೆ ಯಾರೋ ತಲೆ ಒಣಗಿಸಿಕೊಳ್ಳುತ್ತಿದ್ದಾರೆ ಎಂದು ಅವರು ಅಂದುಕೊಂಡಿರಬೇಕು. ಈ ಹೊತ್ತಲ್ಲಿ ಇದೇನು ಶೃಂಗಾರ ಎಂದು ಒಬ್ಬಾಕೆ ಗೊಣಗಿದ್ದು ಮಗಳಿಗೂ ಕೇಳಿಸಿತು.

ಇಸ್ತ್ರಿಯಮ್ಮ ಮಾತ್ರ ಎದ್ದು ಒಳಗೆ ಬಂದರು. ಹೋಟೆಲಿನ ಚಾದರಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದವರು, ಅಮ್ಮನ ಗೆಳತಿ. ಬಲಗೈಯ ಮೂರು ಬೆರಳು ಸುಟ್ಟು ಸುಟ್ಟು ನುಣುಪಾಗಿದ್ದವು. ಹಾಸಿಗೆ ನೋಡಿದರು, ಬಾಲ್ದಿ ನೋಡಿದರು, ಹೇಸದೆ ಪಕ್ಕದಲ್ಲೇ ಕೂತರು.

"ಉಜ್ಜಬೇಡ ಮಗಾ, ಒತ್ತು. ಉಜ್ಜಿದ್ರೆ ಒಳಗಿಳಿಯುತ್ತೆ. ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?" ಬಟ್ಟೆ ಕಿತ್ತುಕೊಂಡು ತಾವೇ ಒತ್ತತೊಡಗಿದರು. "ಒಳ್ಳೇ ಕೆಲಸ ಮಾಡಿದೆ. ಬೇರೆಯವರ ಕಣ್ಣಿಗೆ ಬೀಳೋ ಮೊದಲು ತೆಗೆದ್ಬಿಡ್ಬೇಕು. ನನಗೆ ಫೋನ್ ಮಾಡಿ ಹೇಳ್ತಿದ್ಲು, ಇವತ್ತೂ ಗೀಟು ಕಣೇ, ಅಂತ. ಪರೀಕ್ಷೆ ಪಾಸಾದವಳ ಥರ. ಇನ್ನು ನೀನು ತಗೊಂಡೋಗ್ತೀಯಾ ಇದನ್ನ?"

ಮಗಳು ಡ್ರೈಯರಿನ ಗುಂಡಿಯನ್ನು ಜೋರಿಗೆ ತಿರುಗಿಸಿದಳು.

ಆಗ ಅಣ್ಣನ ಜೇಬಿನಲ್ಲಿ ಅಮ್ಮನ ಫೋನು ಹೊಡೆದುಕೊಂಡಿತು. ಅವನು ಅದನ್ನು ನೋಡಿ, ತಂಗಿಯನ್ನು ಸನ್ನೆ ಮಾಡಿ ಅಡುಗೆಮನೆಗೆ ಕರೆದ. ಕಂಪನಿಯವರು, ಕೊಂಡವರ ಹತ್ತಿರವೇ ಮಾತಾಡಬೇಕಂತೆ, ನಿನ್ನ ದನಿ ಅಮ್ಮನ ದನಿಯ ಹಾಗೇ ಇದೆಯಲ್ಲ, ಎರಡು ಮಾತು ಹೇಳಿಬಿಡು ಎಂದ. ಅವಳು ಒದ್ದೆ ಕೈಗಳನ್ನು ಮುಂದೆ ಹಿಡಿದು ನಿಂತಳು. ಅಣ್ಣ ಕಾಯುವಷ್ಟು ಕಾದು ಫೋನನ್ನು ಹೆಂಡತಿಗೆ ಕೊಟ್ಟ.

ಅತ್ತಿಗೆ ಗಂಟಲು ಸರಿಮಾಡಿಕೊಂಡಳು. ಅಮ್ಮ ಮಾತಿಗೆ ಮೊದಲು ಕೆಮ್ಮುತ್ತಿದ್ದ ಸಣ್ಣ ಒಣಕೆಮ್ಮು, ಅದನ್ನೂ ಬಿಡಲಿಲ್ಲ.

"ಹೌದಪ್ಪ, ನಾನೇ. ಇಲ್ಲಪ್ಪ, ನಿದ್ದೇನೇ ಇಲ್ಲ. ಒಂದು ದಿನಾನೂ ಬರಲಿಲ್ಲ. ಸೊಂಟ ಹಿಡಿದು ಹೋಯ್ತು. ನಾನೇ ತಪ್ಪು ಆರಿಸ್ಬಿಟ್ಟೆ ಅನ್ಸುತ್ತೆ."

ಫೋನಿಟ್ಟು ಅತ್ತಿಗೆ ತಣ್ಣೀರು ಕುಡಿದಳು. ಯಾರ ಮುಖವನ್ನೂ ನೋಡದೆ ಬಿಸ್ಕತ್ತಿನ ಇನ್ನೊಂದು ಪೊಟ್ಟಣ ಒಡೆದು ಹೊರಕೋಣೆಗೆ ಹೋದಳು.

* * *

ಹಾಸಿಗೆ ಆರಿಸಲು ಅಮ್ಮ ಏಳು ತಿಂಗಳು ತೆಗೆದುಕೊಂಡಿದ್ದಳು. ನಿವೃತ್ತಿಯ ಹಣದಲ್ಲಿ ತನಗಾಗಿ ಒಂದೇ ಒಂದು ಸಾಮಾನು ಕೊಳ್ಳುತ್ತೇನೆ, ಅದು ಸರಿಯಾದದ್ದೇ ಆಗಬೇಕು ಎಂದಿದ್ದಳು. ಮಗಳ ಜೊತೆ ವಾರಕ್ಕೊಂದು ಅಂಗಡಿ. ಹೋಗುವುದು ಸಂಜೆಯೇ. ದಿನವಿಡೀ ಓಡಾಡಿದ ಮೇಲೆ ಸೊಂಟ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಲೆಕ್ಕ. ಚೀಲದಲ್ಲಿ ಸ್ವಂತ ದಿಂಬು. ಅಂಗಡಿಯವರು ಕೊಡುವ ಮೆತ್ತನೆ ದಿಂಬು ಮೋಸದ್ದು, ಅದರ ಮೇಲೆ ಕಲ್ಲುಚಪ್ಪಡಿಯೂ ಹಿತ ಎನ್ನುತ್ತಿದ್ದಳು.

ಮೊದಲು ಅಂಚಿನಲ್ಲಿ ಕೂತು ಎಷ್ಟು ಕುಸಿಯುತ್ತದೆ ನೋಡುವುದು. ಆಮೇಲೆ ಬೆನ್ನ ಮೇಲೆ ಕಾಲು ಗಂಟೆ, ಎಡಕ್ಕೆ ಕಾಲು ಗಂಟೆ, ಬಲಕ್ಕೆ ಕಾಲು ಗಂಟೆ. ಮಾರುವವರು ಸ್ಪ್ರಿಂಗು, ನಾರು, ಫೋಮು, ಎಲುಬಿನ ಡಾಕ್ಟರು ಒಪ್ಪಿದ್ದು ಎಂದೆಲ್ಲ ಹೇಳುತ್ತಿದ್ದರೆ ಅಮ್ಮ, ಯಾವ ಡಾಕ್ಟರಪ್ಪ, ಅವರು ಮಲಗಿ ನೋಡಿದ್ರಾ, ಅಂತ ಕೇಳಿ, ಹೊದಿಕೆಯ ಜಿಪ್ಪು ಬಿಚ್ಚಿಸಿ ಒಳಗೆ ಕೈ ಹಾಕುತ್ತಿದ್ದಳು. ಒಂದು ಅಂಗಡಿಯಲ್ಲಿ ನಿದ್ದೆಯೇ ಹೋಗಿ ಗೊರಕೆ ಹೊಡೆದಳು. ಅಂಗಡಿಯವನು ದೀಪ ಆರಿಸುವ ಹೊತ್ತಿಗೆ ಎಬ್ಬಿಸಿ, ಇಷ್ಟು ಚೆನ್ನಾಗಿ ಮಲಗಿದ್ರಲ್ಲ, ತಗೊಳ್ಳಿ ಎಂದ. ಇದು ಹಾಸಿಗೆಯ ನಿದ್ದೆ ಅಲ್ಲಪ್ಪ, ಸುಸ್ತಿನ ನಿದ್ದೆ ಎಂದು ದಿಂಬು ಚೀಲಕ್ಕೆ ಹಾಕಿಕೊಂಡು ಹೊರಟಳು.

ಕೊನೆಯ ಪರೀಕ್ಷೆ ಮಗಳದ್ದು. ಅಮ್ಮ ಬೆನ್ನ ಮೇಲೆ ಮಲಗಿದಾಗ ಅವಳ ಸೊಂಟದ ಕೆಳಗೆ ಅಂಗೈ ತೂರಿಸಬೇಕು. ಕೈ ಒಳಗೆ ಹೋಗದೇ ಸಿಕ್ಕಿಕೊಂಡರೆ ಹಾಸಿಗೆ ತೀರಾ ಮೆತ್ತಗೆ. ತಡೆಯಿಲ್ಲದೆ ಹೋದರೆ ತೀರಾ ಗಟ್ಟಿ, ಸೊಂಟ ಗಾಳಿಯಲ್ಲಿ ನಿಂತಿದೆ ಅಂತ ಅರ್ಥ. ಹಿಡಿದೂ ಹಿಡಿಯದ ಹಾಗೆ, ಸವರಿಕೊಂಡು ಹೋಗಬೇಕು. ಎಲ್ಲರೆದುರು ಅಂಗಡಿಯಲ್ಲಿ ಹಾಗೆ ಮಾಡುವುದಕ್ಕೆ ಮಗಳಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ದೊಡ್ಡವಳಾದ ಮೇಲೆ ಅಮ್ಮನ ಮೈಯನ್ನು ಅವಳು ಅಷ್ಟು ಮುಟ್ಟಿದ್ದು ಆ ಏಳು ತಿಂಗಳಲ್ಲೇ.

ಕೊನೆಗೊಂದು ಸಂಜೆ ಕೈ ಸವರಿಕೊಂಡು ಹೋಯಿತು. ಮಗಳು ಕೈ ಹಾಗೇ ಇಟ್ಟುಕೊಂಡು ಅಮ್ಮನ ಮುಖ ನೋಡಿದಳು.

"ಸಿಕ್ತು," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

* * *

ಎರಡು ವ್ಯಾನುಗಳೂ ಒಟ್ಟಿಗೇ ಬಂದವು. ನಾಲ್ಕಕ್ಕೆ ಬರಬೇಕಾದವರು, ದಾರಿಯಲ್ಲೇ ಇತ್ತು ಅಂತ ಬಂದ್ಬಿಟ್ವಿ ಎಂದು ಎರಡಕ್ಕೇ ಬಂದರು. ಕಿರಿದಾದ ಬೀದಿಯಲ್ಲಿ ಹಾಸಿಗೆಯ ವ್ಯಾನು ಮುಂದೆ, ಹೆಣದ ವ್ಯಾನು ಹಿಂದೆ. ಮುಂದಿನದು ತುಂಬಿ ಹೊರಡದೆ ಹಿಂದಿನದಕ್ಕೆ ಜಾಗವಿಲ್ಲ.

ಕಂಪನಿಯಿಂದ ಬಂದವರು ಇಬ್ಬರು. ಹಿರಿಯವನು ನರೆಗೂದಲಿನ, ದಪ್ಪ ಕೈಗಳ ಮನುಷ್ಯ. ಬಾಗಿಲು ದಾಟಿ ಬೆಂಚಿನ ಮೇಲೆ ಮಲಗಿದ್ದವಳನ್ನು ನೋಡಿ ಅಲ್ಲೇ ನಿಂತ. ಅಣ್ಣ ಅವನ ಭುಜ ಹಿಡಿದು ಒಳಕೋಣೆಗೆ ನಡೆಸಿದ. ಹಾಸಿಗೆಯನ್ನು ಮೊದಲೇ ಮಗುಚಿ, ಒದ್ದೆ ಭಾಗ ಕೆಳಗಾಗುವಂತೆ ಇಟ್ಟಿದ್ದರು. ಹಿರಿಯವನು ಮೇಲಿನ ಬದಿಯನ್ನು ಅಂಗೈಯಿಂದ ನಾಲ್ಕು ಕಡೆ ಒತ್ತಿದ. ಮೂಗು ಸ್ವಲ್ಪ ಅರಳಿತು. ಎತ್ತು ಎಂದು ಜೊತೆಯವನಿಗೆ ಸನ್ನೆ ಮಾಡಿದ.

ಹಾಸಿಗೆ ಹೊರಗೆ ಹೋಗಬೇಕಾದರೆ ಹೊರಕೋಣೆಯನ್ನು ಹಾಯಲೇಬೇಕು. ಕುರ್ಚಿಯಲ್ಲಿದ್ದವರು ಕಾಲು ಮಡಿಸಿಕೊಂಡು ಲೋಟಗಳನ್ನು ಎದೆಗೆ ಹಿಡಿದುಕೊಂಡರು. ಕೆಲಸದವರು ಹಾಸಿಗೆಯನ್ನು ತಲೆಯ ಮೇಲೆತ್ತಿ ಬೆಂಚುಗಳ ಮೇಲಿಂದಲೇ ದಾಟಿಸಿದರು. ಒಂದು ಗಳಿಗೆ ಅಮ್ಮನ ಮುಖದ ಮೇಲೆ ಅದರ ನೆರಳು ಬಿತ್ತು. ಅಂಚಿನಿಂದ ಒಂದು ಹನಿ ಅವಳ ಹೊದಿಕೆಗೆ ತೊಟ್ಟಿಕ್ಕಿತು. ಅದನ್ನು ಇಬ್ಬರು ನೋಡಿದರು, ಇಸ್ತ್ರಿಯಮ್ಮ ಮತ್ತು ಮಗಳು. ಇಸ್ತ್ರಿಯಮ್ಮನ ಬಾಯಿ ತುಸು ತೆರೆದುಕೊಂಡಿತು. ತಾವು ಒತ್ತಿ ಒತ್ತಿ ತೆಗೆದದ್ದು ಯಾತಕ್ಕೆ ಎಂದು ಅವರಿಗೆ ಗೊತ್ತಾದದ್ದು ಆಗ.

ಬಾಗಿಲ ಬಳಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ಹಿರಿಯವನು ಜೇಬಿನಿಂದ ಕಾಗದ ತೆಗೆದ. "ಸಹಿ ಬೇಕು ಸರ್. ಅಮ್ಮ ಎಲ್ಲಿದ್ದಾರೆ? ಬೆಳಗ್ಗೆ ಫೋನಲ್ಲಿ ಮಾತಾಡಿದ್ರಂತಲ್ಲ."

"ಅಮ್ಮ ಆಸ್ಪತ್ರೆಗೆ ಹೋಗಿದ್ದಾರೆ. ಸೊಂಟ ತೋರಿಸ್ಕೊಳ್ಳೋಕೆ," ಎಂದ ಅಣ್ಣ. "ನಾನು ಹಾಕ್ತೀನಿ, ಕೊಡಿ."

ಹಿರಿಯವನ ಕಣ್ಣು ಬೆಂಚಿನ ಕಡೆ ಹೋಯಿತು. "ಇವರು?"

ಅಣ್ಣ ತಿರುಗಿ ನೋಡಲಿಲ್ಲ. "ಇವರು ನಮ್ಮ ದೊಡ್ಡಮ್ಮ."

ಕೋಣೆಯಲ್ಲಿ ಬಿಸ್ಕತ್ತು ಅಗಿಯುವ ಸದ್ದು ನಿಂತಿತು. ಯಾರಾದರೂ ಒಬ್ಬರು ಬಾಯಿ ತೆರೆಯಬಹುದೆಂದು ಮಗಳು ಗೋಡೆಗುಂಟ ಮುಖಗಳನ್ನು ನೋಡಿದಳು. ಎಲ್ಲರೂ ಲೋಟದೊಳಗೆ ನೋಡುತ್ತಿದ್ದರು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಮಗಳ ಬಾಯಲ್ಲಿ ವಿನೆಗರಿನ ಹುಳಿ ಏರಿತು. ಹಾಸಿಗೆಯನ್ನು ಒಂದು ಸಲ ಮಗುಚಿದರೆ ಸಾಕಿತ್ತು. ಮೊಣಕಾಲಿನಿಂದ ಎತ್ತಿ, ಭುಜದಿಂದ ತಳ್ಳಿ. ಕಲೆ ಕಂಡರೆ ಅವರು ಒಯ್ಯುತ್ತಿರಲಿಲ್ಲ, ಆದರೆ ಇಡೀ ಕೋಣೆ ಅಮ್ಮನ ಕೊನೆಯ ಕಲೆಯನ್ನು ಕಣ್ತುಂಬ ನೋಡುತ್ತಿತ್ತು. ಅವಳು ಹಾಸಿಗೆಯ ಅಂಚಿಗೆ ಕೈ ಹಾಕಿ, ಅದನ್ನು ಇನ್ನಷ್ಟು ಗೋಡೆಗೆ ಒತ್ತಿದಳು, ಒದ್ದೆ ಬದಿ ಯಾರಿಗೂ ಕಾಣದ ಹಾಗೆ.

"ದೊಡ್ಡಮ್ಮ ಅಲ್ಲ," ಎಂದಳು. "ಅವಳು ನಮ್ಮಮ್ಮ. ಇದು ಅವಳು ಆರಿಸಿ ತಂದ ಹಾಸಿಗೆ. ಇದರ ಮೇಲೆ ಅವಳಿಗೆ ಚೆನ್ನಾಗಿ ನಿದ್ದೆ ಬರ್ತಿತ್ತು. ತೊಂಬತ್ತೆರಡು ರಾತ್ರಿ ಬಂದಿದೆ."

ಹಿರಿಯವನು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡ. ಮನೆಗೆ ಬೀಗ ಹಾಕಿತ್ತು ಎಂದು ಬರೆದುಕೊಳ್ಳುತ್ತೇನೆ ಎಂದ, ಅಣ್ಣನಿಗಲ್ಲ, ಮಗಳಿಗೆ. ಬೆಂಚಿನ ಕಡೆಗೊಮ್ಮೆ ತಲೆ ಬಾಗಿಸಿ ಜೊತೆಯವನನ್ನು ಕರೆದುಕೊಂಡು ಮೆಟ್ಟಿಲಿಳಿದ. ಕೆಳಗೆ ವ್ಯಾನು ಹೊರಟ ಸದ್ದಾಯಿತು.

"ನಿನಗೆ ಬೇಕಿತ್ತು ಅಂತ ಮೊದಲೇ ಹೇಳ್ಬಹುದಿತ್ತಲ್ಲ," ಎಂದ ಅಣ್ಣ ಹಲ್ಲುಕಚ್ಚಿ, ಅವಳಿಗಷ್ಟೇ ಕೇಳುವ ಹಾಗೆ. "ಇಷ್ಟು ಜನರೆದುರು ಹೀಗೆ ಗಲೀಜು ಮಾಡೋ ಬದಲು."

ಇಸ್ತ್ರಿಯಮ್ಮ ಎದ್ದು ಬಂದು, ಅಮ್ಮನ ಹೊದಿಕೆಯ ಮೇಲಿನ ಬಿಸ್ಕತ್ತಿನ ಪುಡಿಯನ್ನು ನುಣುಪು ಬೆರಳುಗಳಿಂದ ಕೊಡವಿದರು. ಹನಿ ಬಿದ್ದ ಜಾಗವನ್ನು ಮಡಿಕೆಯೊಳಗೆ ಮಡಿಸಿದರು.

ಹೆಣದ ವ್ಯಾನಿನವರು ಮೇಲೆ ಬಂದರು. ಉದ್ದನೆಯ ತಗಡಿನ ಹಲಗೆಯನ್ನು ನೆಲದ ಮೇಲಿಟ್ಟು, ಇಬ್ಬರು ತಲೆಯ ಕಡೆ, ಇಬ್ಬರು ಕಾಲ ಕಡೆ ಹಿಡಿದು ಅಮ್ಮನನ್ನು ಅದಕ್ಕೆ ಇಳಿಸಿದರು. ಹಲಗೆ ಟಣ್ ಎಂದಿತು. ಪಟ್ಟಿ ಬಿಗಿಯುವ ಮೊದಲು ಮನೆಯವರು ಒಮ್ಮೆ ನೋಡಿಕೊಳ್ಳಿ ಎಂದು ಒಬ್ಬ ಮೆಲ್ಲಗೆ ಹೇಳಿದ. ಅಣ್ಣ ಹತ್ತಿರ ಬಂದು ಕೈಕಟ್ಟಿ ನಿಂತ.

ಮಗಳು ಎದುರಿನ ಬದಿಯಲ್ಲಿ ಮೊಣಕಾಲೂರಿ ಕೂತಳು. ಅಂಗೈಯನ್ನು ಚಪ್ಪಟೆ ಮಾಡಿ ಅಮ್ಮನ ಸೊಂಟದ ಕೆಳಗೆ ತೂರಿಸಿದಳು. ತಗಡು ತಣ್ಣಗಿತ್ತು. ಕೈ ಎಲ್ಲೂ ತಡೆಯದೆ, ಏನನ್ನೂ ಸವರದೆ ನೇರ ಹೋಯಿತು. ಸೋಡಾಪುಡಿ ಇನ್ನೂ ಅಂಟಿಕೊಂಡಿದ್ದ ನಾಲ್ಕು ಬೆರಳ ತುದಿಗಳು ಆಚೆ ಬದಿಯಲ್ಲಿ, ಅಣ್ಣನ ಬೂಟಿನ ಮುಂದೆ, ಹೊರಬಂದವು.