ಒಂದೇ ಪಾರ್ಶ್ವದ ಒಳಕೋನಗಳು

ಮೆಟ್ಟಿಲ ಸರಳಿನ ಬಣ್ಣ ಅಂಗೈಗೆ ಅಂಟುತ್ತಿದೆ, ಬೆವರಿಗಿರಬೇಕು, ಇನ್ನು ಹನ್ನೊಂದು ಮೆಟ್ಟಿಲು, ಆಮೇಲೆ ಎಂಟನೇ ತರಗತಿಯ ಬಾಗಿಲು, ಟೀಚರ್ ಬಂದ್ರು ಟೀಚರ್ ಬಂದ್ರು ಅಂತ ಬೆಂಚು ಸರಿಯುವ ಸದ್ದು — ಅವಳು ಭಾಷೆ ಕಲಿಸುವ ಟೀಚರು, ಇಪ್ಪತ್ತೆರಡು ವರ್ಷ ಸಂಧಿ, ಸಮಾಸ, ಗಾದೆ ವಿಸ್ತರಣೆ ಬಿಟ್ಟು ಬೇರೇನನ್ನೂ ಮುಟ್ಟಿದವಳಲ್ಲ, ಗಣಿತದ ಟೀಚರು ಹೆರಿಗೆ ರಜೆ ಹಾಕಿದ್ದೇ ತಡ ಹೆಡ್‌ಮಾಸ್ಟರು ಕರೆದು, ಏನ್ ಟೀಚರ್, ಎರಡು ನೇರ ಗೆರೆ ಒಂದು ಓರೆ ಗೆರೆ, ಅದೇನು ಬ್ರಹ್ಮವಿದ್ಯೆನಾ, ಪುಸ್ತಕ ನೋಡ್ಕೊಂಡು ಮಾಡಿ ಅಂದಿದ್ದರು, ಅವಳೂ ಹಲ್ಲು ಕಿರಿದು ಆಗ್ಲಿ ಸಾರ್ ಅಂದಿದ್ದಳು. ನಿನ್ನೆ ಪುಸ್ತಕ ನೋಡಿಯೇ ಮಾಡಿದಳು. ಸಮಾನಾಂತರ ರೇಖೆಗಳನ್ನು ಛೇದಕ ಕತ್ತರಿಸಿದಾಗ ಅನುರೂಪ ಕೋನಗಳು ಸಮ, ಸರಿ, ಪರ್ಯಾಯ ಕೋನಗಳು ಸಮ, ಅದೂ ಸರಿ, ಅಷ್ಟರಲ್ಲಿ ಗಂಟೆ ಹೊಡೆಯುವ ಹೊತ್ತು, ಪುಟ ತಿರುವಲಿಲ್ಲ, ಒಂದೇ ಪಾರ್ಶ್ವದ ಒಳಕೋನಗಳೂ ಸಮ ಅಂತ ಬೋರ್ಡಿನ ಮೇಲೆ ಬರೆದೇಬಿಟ್ಟಳು — ಪ್ರಾಸದ ಹಾಗೆ ಕೂತಿತ್ತು, ಕಿವಿಗೆ ಹಿತವಾಗಿತ್ತು, ಕಿವಿಯನ್ನು ನಂಬಿ ರೇಖಾಗಣಿತ ಮಾಡಿದ ದಡ್ಡಿ.

ನಲವತ್ತು ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡವು, ಬಡಗಿಯ ಮಗಳೊಬ್ಬಳು ಕೈಯೆತ್ತಿದಳು, ಮೂರನೇ ಬೆಂಚು, ಎರಡು ಜಡೆ, ಇಲ್ಲ ಟೀಚರ್, ಅಪ್ಪ ಗೇಟಿಗೆ ಓರೆಪಟ್ಟಿ ಹೊಡೀತಾರಲ್ಲ, ಪಟ್ಟಿಯ ಒಂದೇ ಪಕ್ಕದಲ್ಲಿ ಮೇಲಿನ ಮೂಲೆ ಅಗಲ ಆದ್ರೆ ಕೆಳಗಿನದು ಕಿರಿದಾಗುತ್ತೆ, ಸಮ ಹೆಂಗಾಗುತ್ತೆ — ಆ ಕ್ಷಣವೇ ಗೊತ್ತಾಗಿತ್ತು, ಇದು ಹೌದೇ ಹೌದು ಅಂತ, ಗೊತ್ತಾದದ್ದಕ್ಕೇ ಬಾಯಿ ಜೋರಾಯಿತು, ಓಹೋ, ಹಾಗಾದ್ರೆ ನಾಳೆಯಿಂದ ನಿಮ್ಮಪ್ಪನ್ನೇ ಪಾಠಕ್ಕೆ ಕಳ್ಸು, ಉಳಿ ಸುತ್ತಿಗೆ ತಗೊಂಡೇ ಬರ್ಲಿ, ತರಗತಿ ಹೋ ಅಂತ ನಕ್ಕಿತು, ಮಗುವಿನ ಕಿವಿ ಕೆಂಪಾಯಿತು, ಅಷ್ಟಕ್ಕಾದರೂ ಬಿಡಬಾರದಿತ್ತೇ, ಒಳಕೋನಗಳು ಸಮ ಅಂತ ನೂರು ಸಲ ಬರ್ಕೊಂಡು ಬಾ. ನೂರು ಸಲ. ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಆ ಪುಟ ತಿರುವಿದಳು — ಎರಡೂ ಸೇರಿ ನೂರೆಂಬತ್ತು ಡಿಗ್ರಿ, ದಪ್ಪಕ್ಷರದಲ್ಲಿ, ಚೌಕದೊಳಗೆ — ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಎಷ್ಟು ಸಲ ವಿಸ್ತರಿಸಿ ಬರೆಸಿದ್ದಾಳೆ ಇದೇ ಗಾದೆಯನ್ನು, ಹತ್ತು ಅಂಕಕ್ಕೆ, ಬಡಗಿ ಶಾಲೆಗೆ ಬಂದರೆ, ಹೆಡ್‌ಮಾಸ್ಟರ ಮುಂದೆ ನಿಂತು ಏನಮ್ಮಾ ಇದು ಅಂದರೆ, ಏನೂ ಹೇಳದೆ ಇವತ್ತು ವೃತ್ತದ ಪಾಠ ಶುರುಮಾಡಿಬಿಟ್ಟರೆ, ಯಾರು ಕೇಳುತ್ತಾರೆ, ಮಕ್ಕಳು ಮರೆಯುತ್ತವೆ — ಬಾಗಿಲು ಬಂತು.

ನಿನ್ನೆ ನಾನು ಬರೆಸಿದ್ದು ತಪ್ಪು. ಹೇಳಿಬಿಟ್ಟಳು, ಹಾಜರಿಯನ್ನೂ ಕೂಗದೆ, ನಗುತ್ತಾರೆ, ಈಗ ನಗುತ್ತಾರೆ, ಯಾರೂ ನಗಲಿಲ್ಲ, ರಬ್ಬರು ಉಜ್ಜುವ ಸದ್ದು, ಟೀಚರ್ ಪೆನ್ನಲ್ಲಿ ಬರೆದಿದ್ದೀನಿ ಏನ್ ಮಾಡ್ಲಿ ಅಂತ ಹಿಂದಿನ ಬೆಂಚಿನವನು, ಇಷ್ಟೇನಾ, ಇಷ್ಟಕ್ಕೆ ಇಷ್ಟು ಹೆದರಿದೆನಾ — ಬಾರಮ್ಮ ಇಲ್ಲಿ, ನೀನು ಹೇಳಿದ್ದೇ ಸರಿ. ಎರಡು ಜಡೆ ಎದ್ದು ಬಂತು, ನೋಟುಪುಸ್ತಕ ಚಾಚಿತು, ನೂರು ಸಾಲು, ನಂಬರು ಹಾಕಿ, ಅಳುಕಿಲ್ಲದ ಅಕ್ಷರ, ಸಮ ಸಮ ಸಮ, ಅಯ್ಯೋ ಅದನ್ನ ತೆಗ್ದಿಡು ಪುಟ್ಟಿ, ತಗೋ ಕೋನಮಾಪಕ, ನೀನೇ ಅಳೆದು ಎಲ್ಲರಿಗೂ ಹೇಳು. ಅವಳು ಎಳೆದುಕೊಟ್ಟ ಗೆರೆಗಳನ್ನು ಮಗು ಬೋರ್ಡಿನ ಮೇಲೆ ಅಳೆಯಿತು, ಅಪ್ಪನ ಕೈಯೇ ಇರಬೇಕು, ಎಷ್ಟು ನಿಖರ, ಕೆಳಗಿನ ಕೋನ ಎಪ್ಪತ್ತು, ಮೇಲಿನದಕ್ಕೆ ಹೆಬ್ಬೆರಳು ಜಾರಿ ನೂರ ಹತ್ತರ ಗೀಟಿನ ಮೇಲೆ ನಿಂತಿತು, ಹಾಂ, ಹಾಗಾದ್ರೆ ಈ ಎರಡು ಕೋನ ಹೇಗಿವೆ, ಹೇಳು. ಮಗು ತರಗತಿಯತ್ತ ತಿರುಗಲಿಲ್ಲ, ಟೀಚರ ಮುಖವನ್ನೇ ನೋಡಿತು, ಹೊಡೆಯುವ ಕೈ ಎಲ್ಲಿದೆ ಅಂತ ನೋಡುವ ಹಾಗೆ, ಸಮ ಟೀಚರ್ ಅಂದಿತು. ಇಲ್ಲ ಪುಟ್ಟಿ, ನೋಡು, ನಿನ್ನ ಬೆರಳ ಕೆಳಗೇ ಇದೆಯಲ್ಲ, ಓದು. ಸಮ ಟೀಚರ್. ಬೇಡಮ್ಮ, ನಾನೇ ತಪ್ಪು ಹೇಳಿದ್ದು, ಹೆದರ್ಬೇಡ, ನಿನಗೆ ಗೊತ್ತಲ್ಲ, ಗೇಟಿನ ಪಟ್ಟಿ — ಸಮ — ಹೆಬ್ಬೆರಳು ನೂರ ಹತ್ತರ ಮೇಲೆ, ಉಗುರು ಬೆಳ್ಳಗಾಗುವಷ್ಟು ಒತ್ತಿ, ನೂರ ಹತ್ತರ ಮೇಲೆ, ತುಟಿ ಮಾತ್ರ ಸಮ, ಹೆಬ್ಬೆರಳು ನೂರ ಹತ್ತರ ಮೇಲೆ