ನೀರು ಏರಿಸಿದ ಜಕ್ಕಪ್ಪ

ಟಿಕೆಟ್ ಕಿಂಡಿಯ ಎದುರಿನ ಕಟ್ಟೆಯ ಮೇಲೆ ಕುಳಿತ ಜಕ್ಕಪ್ಪ ಎರಡೂ ಕೈಗಳಿಂದ ಮೊಣಕಾಲು ಒತ್ತಿಕೊಳ್ಳುತ್ತ, ಇನ್ನು ಒಂದು ಹೆಜ್ಜೆಯನ್ನೂ ಮುಂದಿಡಲಾರೆ ಎಂದು ಸಾರಿಬಿಟ್ಟ. ನೀವೆಲ್ಲ ಹೋಗಿ ಫಾಲ್ಸ್ ನೋಡಿಕೊಂಡು ಬನ್ನಿ, ನಾನು ಗಾಡಿಯಲ್ಲಿ ಕೂತು ಬುತ್ತಿ ಕಾಯುತ್ತೇನೆ ಎಂದ. ಮಳೆ ಸಣ್ಣಗೆ ಜಿನುಗುತ್ತಿತ್ತು. ಅರಣ್ಯ ಇಲಾಖೆಯ ಕಾವಲುಗಾರ ಬಂದವರ ಚೀಲಗಳಲ್ಲಿ ಕೈಯಾಡಿಸಿ ಪ್ಲಾಸ್ಟಿಕ್ ಹುಡುಕುತ್ತಿದ್ದ. ಮಗ ಶಶಿಕಾಂತ ಆಗಲೇ ಎಲ್ಲರಿಗೂ ಟಿಕೆಟ್ ತೆಗೆಸಿದ್ದ.

ಹೆಂಡತಿ ಮಾಯವ್ವ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಗಂಡನ ಎದುರು ಬಂದು ನಿಂತಳು.

“ನಿನ್ನಿ ಸಂಜಿಕ ಟಗರ ಹಗ್ಗಾ ಹರಕೊಂಡಾಗ ತುಬಚಿ ದಾರಿತನಕ ಓಡಿ ಹಿಡಕೊಂಡ ಬಂದ್ರಲ್ಲ, ಆವಾಗ ಈ ಮಣಕಾಲ ಯಾರ ಮನ್ಯಾಗ ಇಟ್ಟಿದ್ರಿ? ಏಳ್ರಿ.”

ಜಕ್ಕಪ್ಪ ಎದ್ದ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಅವನನ್ನು ಹಿಡಿದಿದ್ದುದು ಹೆದರಿಕೆ. ಸಾವಳಗಿಯಲ್ಲಿ ನಸುಕಿಗೆ ಕ್ರೂಸರ್ ಗಾಡಿ ಹತ್ತಿದಾಗಿನಿಂದ ಅದು ಜೊತೆಗಿತ್ತು, ಬೆಳಗಾವಿ ದಾಟಿ ಹಸಿರು ದಟ್ಟವಾಗುತ್ತ ಹೋದಂತೆ ಏರುತ್ತಲೇ ಬಂದಿತ್ತು. ಈ ಫಾಲ್ಸ್ ಅವನಿಗೆ ಹೊಸತಲ್ಲ. ಹೊಸತಾಗಿದ್ದರೆ ಅವನೂ ಎಲ್ಲರ ಹಾಗೆ ಪ್ಯಾಂಟು ಮಡಚಿಕೊಂಡ ಹುಡುಗರ ಹಿಂದೆ ನಗುನಗುತ್ತ ನಡೆಯುತ್ತಿದ್ದ.

ದೊಡ್ಡ ಬರ ಬಿದ್ದ ವರ್ಷ, ಅವನಿನ್ನೂ ಮೀಸೆ ಮೂಡದ ಹುಡುಗನಾಗಿದ್ದಾಗ, ಊರಿನ ಕುರಿಗಾರರು ಮೇವು ಅರಸುತ್ತ ಪಡುವಣಕ್ಕೆ ನಡೆದು ಇದೇ ಘಟ್ಟದ ಅಂಚಿಗೆ ಬಂದಿದ್ದರು. ಒಂದು ಮಧ್ಯಾಹ್ನ ಹಿಂಡು ತಪ್ಪಿದ ಕುರಿಯನ್ನು ಹುಡುಕಲು ಅಪ್ಪ ಹುಲೆಪ್ಪ ಮತ್ತು ಅವನು ಇಬ್ಬರೇ ಕಾಡು ಹೊಕ್ಕರು. ಕಾಡು ಮುಗಿದಲ್ಲಿ ನೆಲವೂ ಮುಗಿದಿತ್ತು. ಅಲ್ಲಿ ಹಳ್ಳವೊಂದು ಕೊಳ್ಳಕ್ಕೆ ಧುಮುಕುತ್ತಿತ್ತು. ಧುಮುಕಿದ ನೀರು ನಡುವೆಯೇ ನಿಂತು, ತಿರುಗಿ, ಬಂದ ದಾರಿಯಲ್ಲೇ ಮೇಲಕ್ಕೇರಿ ಬಂದು ಇಬ್ಬರನ್ನೂ ತೋಯಿಸಿತು. ವರ್ಷವೆಲ್ಲ ಮುಖ ಗಂಟಿಕ್ಕಿಕೊಂಡೇ ಇದ್ದ ಅಪ್ಪ ಆಗ ಕೇಕೆ ಹಾಕಿ ನಕ್ಕುಬಿಟ್ಟಿದ್ದ. ಮರಳಿ ಬರುವಾಗ ಮುಧೋಳದ ಹತ್ತಿರ ಅಪ್ಪ ಜ್ವರ ಬಂದು ತೀರಿಕೊಂಡ. ಅಲ್ಲಿಯೇ ಮಣ್ಣು ಮಾಡಿ ಬಂದರು. ಏರಿದ ನೀರನ್ನು ಕಂಡವನು ಲೋಕದಲ್ಲಿ ಜಕ್ಕಪ್ಪ ಒಬ್ಬನೇ ಉಳಿದ.

ಊರಲ್ಲಿ ಅವನು ಹೇಳಿದ್ದೇ ಹೇಳಿದ್ದು, ಜನ ನಕ್ಕಿದ್ದೇ ನಕ್ಕಿದ್ದು. ಹರೆಯ ಬಂದ ಮೇಲೆ ಒಂದು ದಿನ ನಗು ತಾಳಲಾರದೆ ಬೀರಪ್ಪನ ಗುಡಿಗೆ ನುಗ್ಗಿ, ಭಂಡಾರ ಮುಟ್ಟಿ, ನೀರು ಏರಿದ್ದು ಖರೆ ಎಂದು ಆಣೆ ಮಾಡಿಬಿಟ್ಟ. ಅವನು ಮಾಡಿದ ತಪ್ಪು ಅದೇ. ದೇವರ ಮುಂದಿನ ಆ ಅರಿಸಿನವನ್ನು ಅವರ ಜನ ಸುಮ್ಮಸುಮ್ಮನೆ ಮುಟ್ಟುವುದಿಲ್ಲ. ಹೊಲದ ಬದುವಿನ ಜಗಳಕ್ಕೆ, ಸತ್ತವರು ಆಡಿಹೋದ ಮಾತಿಗೆ ಮುಟ್ಟುತ್ತಾರೆ, ಮುಟ್ಟಿದ ಮೇಲೆ ಎದುರು ಮಾತಿಲ್ಲ. ನೀರು ಬೆಟ್ಟ ಹತ್ತಿತು ಎನ್ನುವುದಕ್ಕೆ ಭಂಡಾರ ಮುಟ್ಟಿದ ಭೂಪ ಅವನೊಬ್ಬನೇ. ದೇವರಿಗೂ ಹೆದರದ ಸುಳ್ಳುಗಾರ ಎಂಬ ಮಾತು ಹುಟ್ಟಿತು, ಅದರ ಜೊತೆಗೆ ‘ನೀರು ಏರಿಸಿದ ಜಕ್ಕಪ್ಪ’ ಎಂಬ ಹೆಸರೂ ಅಂಟಿತು.

ಹೆಸರಿಗೇನು, ಕರೆದವರು ಕರೆದುಕೊಳ್ಳಲಿ ಎಂದು ಅವನು ಸುಮ್ಮನಿದ್ದ. ಆದರೆ ಒಮ್ಮೆ ವಿಧವೆ ಸುಂದರವ್ವನ ಟಗರು ಬೇರೆಯವರ ಹಿಂಡಿನಲ್ಲಿ ಸೇರಿಕೊಂಡಿತು, ಅದು ನಮ್ಮದೇ ಎಂದು ಆ ಹಿಂಡಿನವರು ಸಾಧಿಸಿದರು. ಆ ಟಗರು ಹುಟ್ಟಿದ್ದನ್ನು ಜಕ್ಕಪ್ಪ ಕಣ್ಣಾರೆ ಕಂಡಿದ್ದ. ಗುಡಿಯಲ್ಲಿ ನ್ಯಾಯ ಹೇಳುವ ದೈವದವರು, ಊರ ಹಿರಿಯರು, ಕೂಡಿದಾಗ ಎದ್ದು ಸಾಕ್ಷಿ ಹೇಳಿ ಭಂಡಾರಕ್ಕೆ ಕೈ ಚಾಚಿದ. ದೈವದ ಹಿರಿಯ ಮಾಳಿಂಗರಾಯ ತಟ್ಟೆಯನ್ನೇ ಆಚೆ ಸರಿಸಿ, ನೀರು ಏರಿಸಿದವನ ಆಣೆಯ ಮೇಲೆ ಟಗರು ಕೊಡಲು ಬರುವುದಿಲ್ಲ ಎಂದ. ಕೂಡಿದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸುಂದರವ್ವ ಬರಿಯ ಹಗ್ಗ ಹಿಡಿದುಕೊಂಡು ಮನೆಗೆ ಹೋದಳು. ಅಂದಿನಿಂದ ಜಕ್ಕಪ್ಪ ಗುಡಿಗೆ ಹೋಗಿ ಕೈಮುಗಿದು ಬರುತ್ತಾನೆಯೇ ಹೊರತು ಅಲ್ಲಿ ಬಾಯಿ ತೆರೆದಿಲ್ಲ.

ಈ ಮಾಳಿಂಗರಾಯ ಬೇರೆ ಯಾರೂ ಅಲ್ಲ, ಮಾಯವ್ವನ ಒಡಹುಟ್ಟಿದ ಅಣ್ಣ. ಮುಂದೆ ತನ್ನ ಮಗಳು ಪೂನಮ್‌ಳನ್ನು ಶಶಿಕಾಂತನಿಗೆ ಕೊಟ್ಟು ಬೀಗನೂ ಆದ. ಜಕ್ಕಪ್ಪನ ಮನೆಗೆ ಮಗಳನ್ನು ನಂಬಿ ಕೊಟ್ಟವನು ಅವನ ಮಾತನ್ನು ಮಾತ್ರ ನಂಬಲಿಲ್ಲ. ಈಚೆಗೆ ಪೂನಮ್ ಮೊಬೈಲಿನಲ್ಲಿ ನೀರು ಮೇಲಕ್ಕೇರುವ ವಿಡಿಯೋ ಒಂದನ್ನು ಹುಡುಕಿ ಅಪ್ಪನಿಗೆ ತೋರಿಸಿದಾಗಲೂ, ಈಗ ಅದರಲ್ಲಿ ಆನೆಯನ್ನೂ ಹಾರಿಸುತ್ತಾರೆ ಎಂದು ತಳ್ಳಿಹಾಕಿದ. ಹಾಗಾದರೆ ಹೋಗಿ ಕಣ್ಣಿನಿಂದಲೇ ನೋಡೋಣ ಎಂದು ಹಟ ಹಿಡಿದವಳು ಅವಳು. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ಶಶಿಕಾಂತ ರಜೆ ನೋಡಿ ಗಾಡಿ ಗೊತ್ತುಮಾಡಿದ. ಮಾಳಿಂಗರಾಯ ಬಿಳಿ ಧೋತರ ಉಟ್ಟು, ರುಮಾಲು ಸುತ್ತಿ, ಜಾತ್ರೆಗೆ ಹೊರಟವನಂತೆ ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತ.

ಜಕ್ಕಪ್ಪನ ಹೆದರಿಕೆಯ ಬುಡ ಯಾರಿಗೂ ಗೊತ್ತಿರಲಿಲ್ಲ. ನೀರು ಏರಿದ್ದನ್ನು ತಾನು ನಿಜವಾಗಿ ಕಂಡಿದ್ದೆನೋ ಇಲ್ಲವೋ ಎಂಬುದು ಈಗ ಅವನಿಗೇ ಗೊತ್ತಿರಲಿಲ್ಲ. ನಕ್ಕವರ ಮೇಲಿನ ಸಿಟ್ಟಿಗೆ ಅವನು ಪ್ರತಿ ಸಲವೂ ಆ ನೀರನ್ನು ಒಂದಿಷ್ಟು ಹೆಚ್ಚಿಗೆ ಏರಿಸಿದ್ದ. ಹೇಳಿ ಹೇಳಿ ಕಂಡದ್ದು ಯಾವುದು, ಕಟ್ಟಿದ್ದು ಯಾವುದು ಎಂಬುದು ಕಲಸಿಹೋಗಿತ್ತು. ನೀರು ಸುಳ್ಳಾದರೆ ಭಂಡಾರ ಮುಟ್ಟಿದ್ದೂ ಸುಳ್ಳಾಗುತ್ತದೆ. ಅದನ್ನಾದರೂ ದೇವರ ಕಾಲು ಹಿಡಿದು ತೀರಿಸಿಕೊಂಡಾನು. ಆದರೆ ಅಪ್ಪ ನಕ್ಕದ್ದು? ಅಪ್ಪನದೆಂದು ಅವನ ಹತ್ತಿರ ಉಳಿದಿದ್ದು ಆ ನಗು ಒಂದೇ.

ಕಾಡಿನ ದಾರಿ ಒದ್ದೆಯಾಗಿತ್ತು. ಇಲಾಖೆಯವರು ಕಲ್ಲು ಹಾಸಿ ಮೆಟ್ಟಿಲು ಮಾಡಿದ್ದರೂ ಪಾಚಿ ಹಿಡಿದು ಕಾಲು ಜಾರುತ್ತಿತ್ತು. ಬಯಲುಸೀಮೆಯ ಕಣ್ಣಿಗೆ ಅಷ್ಟೊಂದು ಮರ ಒಟ್ಟಿಗೆ ಕಂಡರೆ ಉಸಿರು ಕಟ್ಟಿದಂತಾಗುತ್ತದೆ. ಮಾಯವ್ವ ಮೇಲೆ ನೋಡುತ್ತ ಎರಡು ಸಲ ಎಡವಿದಳು. ಮಾಳಿಂಗರಾಯನಿಗೆ ಹುರುಪೋ ಹುರುಪು. ಈ ಕಾಡಿನಲ್ಲಿ ಮಳೆಯೂ ನೆಲದಿಂದ ಮೇಲಕ್ಕೆ ಹೋಗುತ್ತದೆಯೇ ಎಂದು ಕೇಳಿದ, ನೀರು ಏರಿ ಬಂದರೆ ಧೋತರ ಎತ್ತಿ ಕಟ್ಟಲೋ ಇಳಿಸಿ ಕಟ್ಟಲೋ ಎಂದು ಕೇಳಿದ. ತನ್ನ ಮಾತಿಗೆ ತಾನೇ ನಗುತ್ತಿದ್ದಾಗ ಮೀನಖಂಡಕ್ಕೆ ಜಿಗಳೆ ಹತ್ತಿದ್ದನ್ನು ಕಂಡು ಕುಣಿದಾಡಿಬಿಟ್ಟ. ಮಾಯವ್ವ ಎಲೆ ಅಡಿಕೆಯ ಚೀಲದಿಂದ ಸುಣ್ಣ ತೆಗೆದು ಹಚ್ಚಿ ಬಿಡಿಸಿದಳು. ನಾಲ್ಕು ಹೆಜ್ಜೆ ನಡೆದ ಬೀಗ ಮತ್ತೆ ಚೇಷ್ಟೆ ಶುರುಮಾಡಿದ.

ಜಕ್ಕಪ್ಪ ಎಲ್ಲರಿಗಿಂತ ಹಿಂದೆ ಉಳಿದು ಎಡಬಲ ಕಣ್ಣಾಡಿಸುತ್ತ ಬರುತ್ತಿದ್ದ. ಒಂದು ಬಂಡೆಯಾದರೂ, ಒಂದು ತಿರುವಾದರೂ ಗುರುತು ಹತ್ತಲಿ ಎಂದು ಬೀರಪ್ಪನನ್ನು ಬೇಡಿಕೊಂಡ. ಏನೂ ಹತ್ತಲಿಲ್ಲ. ಸೊಸೆ ನಡಿಗೆ ನಿಧಾನ ಮಾಡಿ ಅವನ ಜೊತೆಯಾದಳು.

“ಮಾಮಾ, ನೆನಪ ಬರಾಕತ್ತೈತೇನ್ರಿ?”

“ಗಿಡಾ ಭಾಳ ಬೆಳದಾವ ಬೇ,” ಎಂದ ಜಕ್ಕಪ್ಪ.

ಕಾಡು ಮುಗಿದ ಕಡೆ ಕಬ್ಬಿಣದ ಕಟಾಂಜನ ಹಾಕಿದ್ದರು. ಅದರಾಚೆ ಏನೂ ಇರಲಿಲ್ಲ. ಬೆಳ್ಳಗೆ ಮಂಜು ತುಂಬಿಕೊಂಡು ಕೊಳ್ಳವೂ ಇಲ್ಲ, ನೀರೂ ಇಲ್ಲ, ಬೀಳುವ ಸಪ್ಪಳ ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ಬನಹಟ್ಟಿಯ ಕಡೆಯಿಂದ ಬಂದಿದ್ದ ಹುಡುಗರ ಗುಂಪೊಂದು ಮಂಜನ್ನೇ ಹಿಂದೆ ಹಾಕಿಕೊಂಡು ಫೋಟೋ ತೆಗೆದು, ದುಡ್ಡು ದಂಡ ಎಂದು ಗೊಣಗುತ್ತ ಹೊರಟುಹೋಯಿತು. ಜಕ್ಕಪ್ಪನ ಎದೆಯ ಮೇಲಿನ ಕಲ್ಲು ಇಳಿಯಿತು. ಇದಕ್ಕಿಂತ ಒಳ್ಳೆಯದು ಬೇರೆ ಏನಿದೆ? ಖರೆಯೂ ಆಗಲಿಲ್ಲ, ಸುಳ್ಳೂ ಆಗಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗ ಅವನಿಗೆ ಬೆಳಗ್ಗೆಯಿಂದ ಇಲ್ಲದ ಹಸಿವು ಹುಟ್ಟಿತು.

ಉಂಡಾದ ಮೇಲೂ ಮಂಜು ಕದಲಲಿಲ್ಲ. ಮಾಳಿಂಗರಾಯ ಕೈ ಕೊಡವಿ ಎದ್ದು ನಿಂತ.

“ನಡೀರಿ ಬೀಗರ, ಹೋಗೂಣು. ಈ ಮಂಜ ನಿಮ್ಮ ಮಾನಾ ಉಳಿಸ್ತು.”

ಅವನು ಅದನ್ನು ಚೇಷ್ಟೆಗೇ ಅಂದದ್ದು. ಆದರೆ ಜಕ್ಕಪ್ಪನಿಗೆ ಅದು ಚುಚ್ಚಿತು. ಇಲ್ಲಿಂದ ಈಗ ಎದ್ದು ಹೋದರೆ ಸಾಯುವತನಕ ಮಂಜಿನ ಮರೆಯಲ್ಲಿ ಬದುಕಬೇಕು. ಹೆಂಡತಿಯ ಮುಖ ನೋಡಿದ. ಅವಳು ಇಷ್ಟು ವರ್ಷದಲ್ಲಿ ನಂಬಿದ್ದೇನೆ ಎಂದೂ ಹೇಳಿದವಳಲ್ಲ, ನಂಬಿಲ್ಲ ಎಂದೂ ಹೇಳಿದವಳಲ್ಲ. ಈಗ ಬುತ್ತಿಯ ಬಟ್ಟೆ ಕಟ್ಟುತ್ತಿದ್ದಳು.

“ನೀವು ಹೋಗ್ರಿ,” ಎಂದ ಜಕ್ಕಪ್ಪ. “ನಾ ನೋಡೇ ಬರಾಂವ.”

ಮಾಯವ್ವ ಕಟ್ಟುತ್ತಿದ್ದ ಗಂಟನ್ನು ಹಾಗೆಯೇ ಬಿಟ್ಟು ಮತ್ತೆ ಕೂತಳು. ಅವಳು ಕೂತದ್ದನ್ನು ನೋಡಿ ಎಲ್ಲರೂ ಕೂತರು. ಶಶಿಕಾಂತ ಗಾಡಿಯವನಿಗೆ ತಡವಾಗುತ್ತದೆಂದು ಹೇಳಲು ಫೋನ್ ಎತ್ತಿದ, ಸಿಗ್ನಲ್ ಸಿಗಲಿಲ್ಲ. ಮಳೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ, ಯಾರೋ ಪರದೆಯನ್ನು ಪಕ್ಕಕ್ಕೆ ಎಳೆದಂತೆ, ಮಂಜು ಬಲಗಡೆಯಿಂದ ಸರಿಯತೊಡಗಿತು.

ಎಲ್ಲರೂ ಕಟಾಂಜನದತ್ತ ಓಡಿದರು. ಆಳವಾದ ಕೊಳ್ಳ, ಎದುರಿಗೆ ಕಡಿದಾದ ಕರಿಯ ಬಂಡೆ, ಬಂಡೆಯ ನೆತ್ತಿಯಿಂದ ಬೆಳ್ಳಗೆ ಬೀಳುವ ನೀರು. ಅದು ಬೀಳುತ್ತಿತ್ತು. ಎಲ್ಲ ನೀರಿನ ಹಾಗೆ ನೆಟ್ಟಗೆ ಕೆಳಗೆ, ಕಣ್ಣು ಹೋಗುವತನಕ ಕೆಳಗೆ ಬೀಳುತ್ತಿತ್ತು. ಯಾರೂ ನಗಲಿಲ್ಲ. ಮಾಳಿಂಗರಾಯ ಕೂಡ ನಗಲಿಲ್ಲ, ಬೇರೆ ಕಡೆ ನೋಡಿದ. ಶಶಿಕಾಂತ, ಭಾಳ ಛಲೋ ಇದೆ ಅಪ್ಪ, ಇಷ್ಟು ಎತ್ತರದ್ದು ನಾನು ನೋಡಿಯೇ ಇರಲಿಲ್ಲ ಎಂದು ಹೆಗಲ ಮೇಲೆ ಕೈಯಿಟ್ಟ. ಆ ಕೈಯನ್ನು ಜಕ್ಕಪ್ಪನಿಂದ ತಾಳಲಾಗಲಿಲ್ಲ. ಊರೆಲ್ಲ ನಕ್ಕಾಗಲೂ ಅವನಿಗೆ ಇಷ್ಟು ನೋವಾಗಿರಲಿಲ್ಲ.

ಸಾಕು, ಇನ್ನು ಹೇಳಿಬಿಡಬೇಕು ಎನಿಸಿತು. ಬೀಗನ ಕಡೆ ತಿರುಗಿದ.

“ಬೀಗರ, ನಾ ಆವಾಗ ಸಣ್ಣಾಂವ ಇದ್ದೆ. ಕಂಡಿದ್ನೋ ಇಲ್ಲೋ ನನಗೂ…”

ಗದ್ದದ ಕೆಳಗೆ ತಣ್ಣಗೆ ಏನೋ ತಾಕಿತು. ಜಕ್ಕಪ್ಪ ಕೈಯಿಂದ ಒರೆಸಿಕೊಂಡ. ಇನ್ನೊಂದು ತಾಕಿತು, ಮೂಗಿನ ಹೊಳ್ಳೆಗೆ. ಮಳೆ ನಿಂತಿದೆ, ಮೇಲೆ ಮರವೂ ಇಲ್ಲ. ಕೊಳ್ಳದ ತಳದಿಂದ ಗಾಳಿಯೊಂದು ಹುಯ್ಯೆಂದು ಎದ್ದು ಬರುತ್ತಿತ್ತು. ಅಂಚಿನ ಗಿಡಗಳ ಎಲೆಗಳೆಲ್ಲ ಮಗುಚಿ ಬೆಳ್ಳಗಾದವು. ಬೀಳುತ್ತಿದ್ದ ನೀರು ಮೊದಲು ಬಳುಕಿತು, ಆಮೇಲೆ ನಡುವೆಯೇ ನಿಂತಿತು. ನಿಂತದ್ದು ತಿರುಗಿತು. ತಿರುಗಿ, ದನ ಕೊಟ್ಟಿಗೆಗೆ ಮರಳುವಷ್ಟು ಸಹಜವಾಗಿ ತಾನು ಬಂದ ಬಂಡೆಯ ನೆತ್ತಿಗೇ ಏರತೊಡಗಿತು.

ಪೂನಮ್‌ಳ ಛತ್ರಿ ಹಿಮ್ಮುಖವಾಗಿ ಬಿಚ್ಚಿಕೊಂಡಿತು. ಏನೋ ಹೇಳಲು ತೆರೆದ ಮಾಳಿಂಗರಾಯನ ಬಾಯಿಗೆ ಕೊಳ್ಳದ ನೀರೇ ಬಂದು ಬಿತ್ತು. ನೀರು ನೆತ್ತಿಯನ್ನೂ ದಾಟಿ, ಗಾಳಿಯಲ್ಲಿ ಹರಡಿ, ಅಲ್ಲಿದ್ದ ಎಲ್ಲರನ್ನೂ ತೋಯಿಸಿತು. ಜಕ್ಕಪ್ಪ ಹೇಳಿದ್ದಕ್ಕಿಂತ ಎತ್ತರ, ಸಿಟ್ಟಿಗೆ ಅವನು ಏರಿಸಿದ್ದಕ್ಕಿಂತಲೂ ಎತ್ತರ ಏರಿತ್ತು. ಮಾಯವ್ವ ಕಂಬಳಿ ಕೆಳಗೆ ಬಿದ್ದದ್ದನ್ನೂ ನೋಡದೆ ಗಂಡನ ತೋಳು ಹಿಡಿದು ಜಗ್ಗುತ್ತಿದ್ದಳು.

“ಖರೆ ಐತ್ರೀ,” ಎಂದಳು. “ಏರಾಕತ್ತೈತಿ. ಖರೆ ಐತಿ.”

ಜಕ್ಕಪ್ಪನಿಗೆ ಮೊದಲು ಅಳು ಬಂತು. ಅದು ಗಂಟಲವರೆಗೆ ಬಂದು ಅಲ್ಲಿಂದ ಕೇಕೆಯಾಗಿ ಹೊರಬಿತ್ತು. ಕುರಿಗಾರರು ಒಂದು ದಿನ್ನೆಯಿಂದ ಇನ್ನೊಂದಕ್ಕೆ ಕೂಗುತ್ತಾರಲ್ಲ, ಆ ಕೇಕೆ. ಅಪ್ಪ ನಕ್ಕದ್ದು ಖರೆ. ಇಲ್ಲಿಯೇ, ಇದೇ ನೀರಿನಲ್ಲಿ ತೊಯ್ದು, ಹೀಗೆಯೇ ನಕ್ಕದ್ದು ಖರೆ. ಗಾಳಿ ಒಮ್ಮೆ ಸಡಿಲಿ ನೀರು ಬಿದ್ದಿತು, ಮತ್ತೆ ಎದ್ದು ಏರಿತು. ಅದು ಏರಿದಾಗಲೆಲ್ಲ ಅವನು ಕೇಕೆ ಹಾಕಿದ. ಮಗ ಸೊಸೆ ಇಬ್ಬರೂ ಅವನ ಜೊತೆ ಕೂಗಿದರು.

ಮಾಳಿಂಗರಾಯ ಮುಖ ಒರೆಸಿಕೊಳ್ಳದೆ ನಿಂತಿದ್ದ. ಬಹಳ ಹೊತ್ತು ನೀರನ್ನೇ ನೋಡಿದ ಮೇಲೆ ಜಕ್ಕಪ್ಪನ ಹತ್ತಿರ ಬಂದ.

“ಆ ಟಗರ ಸುಂದರವ್ವಂದ ಅಂದಿದ್ದಿ ನೀ.”

“ಹೂಂ. ಆಕೀದ.”

“ನಾಳೆ ಗುಡಿಗೆ ಬಾ. ದೈವದವರ ಮುಂದ ನಾನ ಹೇಳ್ತೇನಿ. ನನ್ನ ಹಿಂಡಿನಾಗಿಂದ ಆಕೀಗೆ ಟಗರ ಕೊಡ್ತೇನಿ, ನೀ ಆರಿಸ.”

ಜಕ್ಕಪ್ಪ ಆಗಲಿ ಎಂದು ತಲೆಯಾಡಿಸಿದ. ಗಾಳಿ ಮತ್ತೆ ಎದ್ದಿತು. ನೀರು ಎಲ್ಲಿಂದ ತಿರುಗುತ್ತದೆ ಎಂಬುದನ್ನು ನೋಡಲೇಬೇಕೆಂದು ಮಾಳಿಂಗರಾಯ ಕಟಾಂಜನದ ಮೇಲೆ ಬಗ್ಗಿದ, ಆಳ ಕಂಡು ಹಿಂದೆ ಸರಿದ.

“ಹಿಡಕೋ ಜಕ್ಕಪ್ಪ. ಬಗ್ಗಿ ನೋಡ್ತೇನಿ.”

ಜಕ್ಕಪ್ಪ ಕಾಲು ಅಗಲಿಸಿ ನಿಂತು, ಎರಡೂ ಕೈಗಳಿಂದ ಬೀಗನ ನಡುವನ್ನು ಗಟ್ಟಿಯಾಗಿ ಹಿಡಿದ. ಮಾಳಿಂಗರಾಯ ಅರ್ಧ ಮೈ ಆಚೆ ಚಾಚಿ ಕೆಳಗೆ ನೋಡುತ್ತ ಏನೋ ಕೂಗಿದ. ನೀರಿನ ಅಬ್ಬರಕ್ಕೆ ಯಾರಿಗೂ ಕೇಳಲಿಲ್ಲ. ಅವನ ರುಮಾಲು ಗಾಳಿಗೆ ಬಿಚ್ಚಿಕೊಂಡು, ಉದ್ದಕ್ಕೆ ಸುರುಳಿ ಬಿಡುತ್ತ ಅವರ ಮುಖದೆದುರೇ ಹಾದು ಮೇಲಕ್ಕೆ ಹೊರಟಿತು. ಬಂಡೆಯ ನೆತ್ತಿಯನ್ನು ದಾಟಿ, ಮರಗಳ ತುದಿಯನ್ನು ದಾಟಿ ಅದು ಬೆಳ್ಳಗೆ ಏರಿಹೋಗುವುದನ್ನು ಜಕ್ಕಪ್ಪ ಹಿಡಿದ ಕೈ ಸಡಿಲಿಸದೆ ನೋಡುತ್ತ ನಿಂತ.